ಬ್ಯಾಟರಿ ಹೊಸದು, ಬಲ್ಬು ಹೊಸದು, ಆದರೂ ಬೆಳಕಿಲ್ಲ

ಕಳೆದ ಮಳೆಗಾಲದ ಒಂದು ರಾತ್ರಿ ನಾನು, ದೊಡ್ಡಪ್ಪ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ವಾಪಸ್ ಬರುತ್ತಿದ್ದೆವು. ಕಾರು ದೊಡ್ಡಪ್ಪನದು. 1997ರ ಸಣ್ಣ ಪೆಟ್ರೋಲ್ ಕಾರು, ಕಾರ್ಬುರೇಟರ್ ಕಾಲದ್ದು. ಮಂಡಗದ್ದೆ ಹತ್ತಿರ ಮಳೆ ಜೋರಾಯಿತು. ವೈಪರ್ ಹಾಕಿದ ಕೂಡಲೇ ಹೆಡ್‌ಲೈಟ್ ಬೆಳಕು ಕುಗ್ಗಿತು. ಇಂಡಿಕೇಟರ್ ಹಾಕಿದರೆ ಡ್ಯಾಶ್‌ಬೋರ್ಡಿನ ದೀಪವೂ ಅದರ ತಾಳಕ್ಕೇ ಮಿಣುಕುತ್ತಿತ್ತು. ಅರ್ಧ ಟ್ಯಾಂಕ್ ತೋರಿಸುತ್ತಿದ್ದ ಪೆಟ್ರೋಲ್ ಮುಳ್ಳು ಕಾಲು ಟ್ಯಾಂಕಿಗೆ ಇಳಿದು ಕೂತಿತ್ತು. ಲೈಟ್ ಆರಿಸಿದರೆ ಮುಳ್ಳು ಮತ್ತೆ ಮೇಲೆ. ಎದುರಿನಿಂದ ಬಸ್ ಬಂದಾಗಲಂತೂ ರಸ್ತೆಯ ಅಂಚು ಎಲ್ಲಿದೆ ಎಂದೇ ಕಾಣಲಿಲ್ಲ. ಮನೆ ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ.

ಅಷ್ಟು ಹೊತ್ತಿಗಾಗಲೇ ದೊಡ್ಡಪ್ಪ ಹೊಸ ಬ್ಯಾಟರಿ ಹಾಕಿಸಿದ್ದರು. ಎರಡೂ ಹೆಡ್‌ಲೈಟ್ ಬಲ್ಬು ಬದಲಾಗಿದ್ದವು. ಒಂದು ಕಡೆ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿ ಕಾರ್ಬನ್ ಬ್ರಷ್ ಹಾಕಿ ಕೊಟ್ಟಿದ್ದರು. ಇನ್ನೊಂದು ಕಡೆ, "ವೈರಿಂಗೇ ಹೋಗಿದೆ, ಪೂರ್ತಿ ಹೊಸದು ಮಾಡಿಸಿ" ಎಂದಿದ್ದರು. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಒಂದೇ ಒಂದು ಬೋಲ್ಟಿನ ಅಡಿಯಲ್ಲಿ. ಹತ್ತು ನಂಬರ್ ಸ್ಪ್ಯಾನರ್, ಒಂದು ತುಂಡು ಸ್ಯಾಂಡ್ ಪೇಪರ್, ಅರ್ಧ ಗಂಟೆ ಕೆಲಸ.

ಆ ಬೋಲ್ಟನ್ನು ಹುಡುಕಿದ ದಾರಿಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಹಳೆಯ ಕಾರು ಇಟ್ಟುಕೊಂಡವರಿಗೆ ಇದು ಗೊತ್ತಿರಬೇಕು ಅಂತ ನನಗೆ ಗಾಢವಾಗಿ ಅನಿಸುತ್ತದೆ. ಎಷ್ಟೋ ಒಳ್ಳೆಯ ಕಾರುಗಳು "ಇದರ ಕರೆಂಟಿನ ಕಾಟ ಮುಗಿಯೋದಿಲ್ಲ" ಎಂಬ ಒಂದೇ ಮಾತಿಗೆ ಗುಜರಿಗೆ ಹೋಗಿವೆ.

ವಾಪಸ್ ಬರುವ ದಾರಿ

ಕರೆಂಟು ಬ್ಯಾಟರಿಯ ಪ್ಲಸ್‌ನಿಂದ ಹೊರಟು ಬಲ್ಬಿಗೋ ಮೋಟರಿಗೋ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅಲ್ಲಿಗೆ ಪ್ರಯಾಣ ಮುಗಿಯುವುದಿಲ್ಲ. ಅಲ್ಲಿಂದ ಅದು ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಲೇಬೇಕು. ಎಷ್ಟು ಹೋಯಿತೋ ಅಷ್ಟೂ ಬರಬೇಕು. ಬರುವ ದಾರಿ ಇಕ್ಕಟ್ಟಾದರೆ ಹೋಗುವುದೂ ಅಷ್ಟೇ ಕಡಿಮೆಯಾಗುತ್ತದೆ.

ಹೋಗುವ ದಾರಿಗೆ ತಂತಿ ಇದೆ, ಫ್ಯೂಸ್ ಇದೆ, ಸ್ವಿಚ್ ಇದೆ. ವಾಪಸ್ ಬರುವ ದಾರಿಗೆ ಬಹುಪಾಲು ತಂತಿಯೇ ಇಲ್ಲ. ಬಲ್ಬಿನ ಹತ್ತಿರ ಒಂದು ಗೇಣುದ್ದದ ಕಪ್ಪು ತಂತಿ ತಗಡಿಗೆ ಬೋಲ್ಟ್ ಆಗಿರುತ್ತದೆ. ಅಲ್ಲಿಂದಾಚೆಗೆ ಕಾರಿನ ಬಾಡಿಯೇ ತಂತಿ. ಮೆಕ್ಯಾನಿಕ್‌ಗಳು ಅರ್ತ್ ಅನ್ನುವುದು ಇದನ್ನೇ. ಮನೆಯ ಅರ್ತಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ. ಕಾರು ನಿಂತಿರುವುದು ರಬ್ಬರ್ ಟಯರ್ ಮೇಲೆ ಅಲ್ವಾ?

ಇನ್ನೊಂದು ವಿಷಯ ಇದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ನಡುಕ ಬಾಡಿಗೆ ಬರದಿರಲಿ ಎಂದು ಹಾಗೆ ಮಾಡಿದ್ದಾರೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಎಂಜಿನ್ ಬೇರೆ, ಬಾಡಿ ಬೇರೆ. ಬ್ಯಾಟರಿಯ ಮೈನಸ್ ಇಬ್ಬರನ್ನೂ ಮುಟ್ಟಬೇಕು. ದೊಡ್ಡಪ್ಪನ ಕಾರಿನಲ್ಲಿ ಮೈನಸ್‌ನಿಂದ ಬೆರಳು ದಪ್ಪದ ಕೇಬಲ್ ಗೇರ್‌ಬಾಕ್ಸಿಗೆ ಹೋಗುತ್ತದೆ. ಅದೇ ಕ್ಲಾಂಪಿನಿಂದ ಇನ್ನೊಂದು ಸಣ್ಣ ತಂತಿ ಹೊರಟು ಬ್ಯಾಟರಿ ತಟ್ಟೆಯ ಪಕ್ಕದ ತಗಡಿಗೆ ಬೋಲ್ಟ್ ಆಗಿದೆ. ಕೆಲವು ಕಾರುಗಳಲ್ಲಿ ದಪ್ಪ ಕೇಬಲ್ ಬಾಡಿಗೆ ಹೋಗಿ, ಬಾಡಿಯಿಂದ ಎಂಜಿನ್‌ಗೆ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ನಿಮ್ಮ ಕಾರಿನಲ್ಲಿ ಯಾವುದು ಎಂದು ಮೊದಲು ಬಾನೆಟ್ ಎತ್ತಿ ನೋಡಿಕೊಳ್ಳಿ.

ಇಷ್ಟು ತಿಳಿದರೆ ಲಕ್ಷಣ ನೋಡಿಯೇ ಅರ್ಧ ಊಹಿಸಬಹುದು. ಮನೆಗೆ ಬಂದ ಮರುದಿನ ದೊಡ್ಡಪ್ಪನನ್ನು ಕೇಳಿದೆ, "ಸೆಲ್ಫ್ ಹೇಗೆ ಹೊಡೆಯುತ್ತದೆ ದೊಡ್ಡಪ್ಪ?"

"ಸೆಲ್ಫಿಗೇನು ಮಾರಾಯ, ಒಂದೇ ಏಟಿಗೆ ಸ್ಟಾರ್ಟ್ ಆಗ್ತದೆ."

ಸೆಲ್ಫ್ ಮೋಟರ್ ಬೋಲ್ಟ್ ಆಗಿರುವುದು ಗೇರ್‌ಬಾಕ್ಸಿಗೆ. ಅದರ ಕರೆಂಟು ವಾಪಸ್ ಬರುವುದು ದಪ್ಪ ಕೇಬಲ್‌ನಲ್ಲಿ. ಹಾಗಾದರೆ ಬ್ಯಾಟರಿ ಸರಿ, ದಪ್ಪ ಕೇಬಲ್ ಸರಿ. ಹೆಡ್‌ಲೈಟ್, ವೈಪರ್, ಇಂಡಿಕೇಟರ್, ಪೆಟ್ರೋಲ್ ಟ್ಯಾಂಕಿನ ಫ್ಲೋಟ್, ಇವಕ್ಕೆಲ್ಲ ಅರ್ತ್ ಸಿಗುವುದು ಬಾಡಿಯಿಂದ. ಕೆಟ್ಟದ್ದೂ ಇವೇ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಸಾಮಾನು ಒಟ್ಟಿಗೆ ಕೆಡುವುದು ಅಪರೂಪ. ಆ ನಾಲ್ಕಕ್ಕೂ ಒಂದೇ ದಾರಿ ಇದ್ದು, ಆ ದಾರಿ ಕೆಟ್ಟಿರುವುದೇ ಹೆಚ್ಚು.

ಇದರ ಉಲ್ಟಾ ಕಥೆಯೂ ಇದೆ. ಬಾಡಿ ಅರ್ತ್ ಚೆನ್ನಾಗಿದ್ದು ಎಂಜಿನ್ನಿನದು ಕೆಟ್ಟರೆ ಲೈಟೆಲ್ಲ ಸರಿ, ಸೆಲ್ಫ್ ಮಾತ್ರ ನರಳುತ್ತದೆ. ಸೆಲ್ಫ್ 100 ಆಂಪಿಯರಿಗೂ ಮೀರಿ ಎಳೆಯುತ್ತದೆ. ಅಷ್ಟು ಕರೆಂಟು ಹೇಗಾದರೂ ಬಾಡಿಗೆ ದಾಟಬೇಕಲ್ಲ? ಸಿಕ್ಕ ಲೋಹ ಹಿಡಿಯುತ್ತದೆ. ಎಕ್ಸಲರೇಟರ್ ಕೇಬಲ್, ಚೋಕ್ ಕೇಬಲ್, ಯಾವುದಾದರೂ ಸರಿ. ಸೆಲ್ಫ್ ಹೊಡೆದ ಮೇಲೆ ಎಕ್ಸಲರೇಟರ್ ಕೇಬಲ್ ಬಿಸಿಯಾಗಿದ್ದರೆ ಎಂಜಿನ್ ಅರ್ತ್ ನೋಡಿ. ಕೇಬಲ್ಲಿನ ಒಳಗಿನ ಪ್ಲಾಸ್ಟಿಕ್ ಕರಗಿ ಎಕ್ಸಲರೇಟರ್ ಸಿಕ್ಕಿಕೊಳ್ಳುವುದೂ ಉಂಟು. ಅದು ತುಂಬ ಅಪಾಯ.

ಮೀಟರ್ ಬೀಪ್ ಅಂದರೂ ನಂಬಬೇಡಿ

ಹೆಚ್ಚಿನವರು ಮಾಡುವ ಪರೀಕ್ಷೆ ಒಂದಿದೆ. ಮಲ್ಟಿಮೀಟರನ್ನು ಬೀಪ್ ಸೆಟ್ಟಿಂಗಿಗೆ ಇಟ್ಟು ಒಂದು ಕಡ್ಡಿ ಬಾಡಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಮುಟ್ಟಿಸುತ್ತಾರೆ. ಬೀಪ್ ಅನ್ನುತ್ತದೆ. "ಅರ್ತ್ ಸರಿಯಿದೆ" ಎಂದು ಮುಂದೆ ಹೋಗುತ್ತಾರೆ. ದೊಡ್ಡಪ್ಪನ ಕಾರಿನಲ್ಲೂ ಬೀಪ್ ಬಂತು.

ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಟ್ಯಾಂಕಿನಿಂದ ಪೈಪ್ ಇಳಿದಿದೆ, ನಡುವೆ ಎಲ್ಲೋ ಕಸ ಕಟ್ಟಿದೆ. ಕೊನೆಯ ಗೇಟ್‌ವಾಲ್ವ್ ಮುಚ್ಚಿ ಪ್ರೆಶರ್ ನೋಡಿದರೆ ಪೂರ್ತಿ ತೋರಿಸುತ್ತದೆ. ನೀರು ಹರಿಯುತ್ತಿಲ್ಲವಲ್ಲ, ಕಸ ಅಡ್ಡ ಬರುವುದು ಯಾವುದಕ್ಕೆ? ವಾಲ್ವ್ ಬಿಚ್ಚಿ ಹತ್ತು ಜೆಟ್ ತಿರುಗಿಸಿ ನೋಡಿ. ಆಗ ಕಸದ ಈಚೆ ಪ್ರೆಶರ್ ಇರುತ್ತದೆ, ಆಚೆ ಇರುವುದಿಲ್ಲ. ಕಟ್ಟಿದ ಜಾಗ ಗೊತ್ತಾಗುವುದು ನೀರು ಹರಿಯುವಾಗ ಮಾತ್ರ.

ಮೀಟರ್ ಬೀಪ್ ಪರೀಕ್ಷೆಗೆ ಕಳಿಸುವ ಕರೆಂಟು ಒಂದೆರಡು ಮಿಲಿಆಂಪಿಯರ್. ಕಿಲುಬು ಹಿಡಿದ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಅಷ್ಟು ಹರಿಯುತ್ತದೆ. ಅದೇ ಎಳೆಯಲ್ಲಿ ಎರಡು ಹೆಡ್‌ಲೈಟಿನ 9 ಆಂಪಿಯರ್ ಸರಾಗವಾಗಿ ಹರಿಯುವುದಿಲ್ಲ. ದಾರಿಯ ಅಡ್ಡಿ ಅಳೆಯುವ ಓಮ್ ಸೆಟ್ಟಿಂಗೂ ಇಲ್ಲಿ ಉಪಯೋಗಕ್ಕೆ ಬಾರದು. ಮಾಮೂಲಿ ಮೀಟರಿನ ಎರಡು ಕಡ್ಡಿ ಸೇರಿಸಿ ಹಿಡಿದರೇ 0.2, 0.3 ಓಮ್ ತೋರಿಸುತ್ತದೆ. ನಾವು ಹುಡುಕುತ್ತಿರುವ ತೊಂದರೆ ಅದಕ್ಕಿಂತ ಚಿಕ್ಕದು.

ಚಿಕ್ಕದು ಎಂದರೆ ಎಷ್ಟು ಚಿಕ್ಕದು? ವೋಲ್ಟೇಜ್ ನಷ್ಟ ಎಂದರೆ ಕರೆಂಟು ಗುಣಿಸು ಅಡ್ಡಿ. ಜಾರ್ಜ್ ಓಮ್ 1827ರಲ್ಲಿ ಬರೆದಿಟ್ಟ ಲೆಕ್ಕ. ಸೆಲ್ಫಿನ ದಾರಿಯಲ್ಲಿ ಬರೀ 0.01 ಓಮ್ ಅಡ್ಡಿ ಇದ್ದರೂ 100 ಆಂಪಿಯರ್ ಹರಿಯುವಾಗ 1 ವೋಲ್ಟ್ ಅಲ್ಲೇ ಹೋಗುತ್ತದೆ. 12ರಲ್ಲಿ 1 ಹೋದರೆ ಸೆಲ್ಫಿಗೆ ಅದು ಸಣ್ಣ ನಷ್ಟವಲ್ಲ. 0.01 ಓಮ್ ಅಳೆಯುವ ಮೀಟರ್ ನಮ್ಮ ಹತ್ತಿರ ಇಲ್ಲ. ಆದರೆ 1 ವೋಲ್ಟ್ ಅಳೆಯಲು 500 ರೂಪಾಯಿ ಒಳಗಿನ ಮೀಟರ್ ಸಾಕು. ಹಾಗಾಗಿ ಅಡ್ಡಿಯನ್ನು ಅಳೆಯುವುದು ಬೇಡ. ಕರೆಂಟು ಹರಿಯಲು ಬಿಟ್ಟು, ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆ ಎಂದು ನೋಡೋಣ.

ಅಳೆಯುತ್ತಾ ಹೋದದ್ದು

ಎಂಜಿನ್ ಓಡುತ್ತಿರುವಾಗ ಬಾನೆಟ್ ಒಳಗೆ ಕೈ ಹಾಕುವ ಕೆಲಸ ಇದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಹೆಗಲ ಮೇಲಿನ ಟವಲ್ ತೆಗೆದಿಡಿ, ಪಂಚೆ ಉಟ್ಟು ಮಾಡಬೇಡಿ, ಬೆಲ್ಟಿಗೆ ಸಿಕ್ಕಿದರೆ ಕಷ್ಟ. ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಲು ಶುರುವಾಗುತ್ತದೆ, ಅದರ ಹತ್ತಿರ ಬೆರಳು ಬೇಡ.

ಮೊದಲು ಕಾರು ಆರಿಸಿದ್ದಾಗ ಬ್ಯಾಟರಿ ನೋಡಿದೆ. 12.6 ವೋಲ್ಟ್. ಕೆಲವು ಗಂಟೆ ಸುಮ್ನೆ ನಿಂತ ಬ್ಯಾಟರಿಯಲ್ಲಿ 12.6 ಎಂದರೆ ಪೂರ್ತಿ ತುಂಬಿದೆ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಉಳಿದ ಪರೀಕ್ಷೆ ಆಮೇಲೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ನಮ್ಮದು 10.4ರಲ್ಲಿ ನಿಂತಿತು. ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು, ಹೆಡ್‌ಲೈಟ್, ವೈಪರ್ ಎರಡೂ ಹಾಕಿಟ್ಟು ಮತ್ತೆ ನೋಡಿದೆ. 13.9. ಆಲ್ಟರ್ನೇಟರ್ ಸರಿಯಿದ್ದರೆ 13.8ರಿಂದ 14.4ರ ಒಳಗೆ ಇರುತ್ತದೆ. ಅಲ್ಲಿಗೆ ಬ್ಯಾಟರಿ, ಆಲ್ಟರ್ನೇಟರ್ ಎರಡರ ಮೇಲಿನ ಅನುಮಾನವೂ ಹೋಯಿತು. ದುಡ್ಡು ಹೆಚ್ಚು ಖರ್ಚಾದದ್ದು ಇವೆರಡಕ್ಕೇ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ಹೆಡ್‌ಲೈಟಿನ ಹತ್ತಿರ. ಬಲ್ಬಿನ ಹಿಂದಿನ ಕಪ್ಲರ್ (ತಂತಿ ಸಿಕ್ಕಿಸುವ ಪ್ಲಗ್) ಬಿಚ್ಚದೆ, ಅದರ ಹಿಂಬದಿಯಿಂದ ಕಡ್ಡಿಯ ತುದಿ ತೂರಿಸಬೇಕು. ಬಿಚ್ಚಿದರೆ ಕರೆಂಟು ಹರಿಯುವುದು ನಿಲ್ಲುತ್ತದೆ, ಅಳತೆಗೆ ಬೆಲೆಯಿಲ್ಲ. ಬಲ್ಬಿನ ಪ್ಲಸ್ ಪಿನ್‌ಗೂ ಅರ್ತ್ ಪಿನ್‌ಗೂ ನಡುವೆ ಬಂದದ್ದು 10.8. ಬ್ಯಾಟರಿಯಲ್ಲಿ 13.9 ಇದೆ, ಬಲ್ಬಿಗೆ ಸಿಗುತ್ತಿರುವುದು 10.8. ದಾರಿಯಲ್ಲಿ 3.1 ವೋಲ್ಟ್ ಹೋಗಿದೆ.

ಇದು ಬೆಳಕಿಗೆ ಎಷ್ಟು ಪೆಟ್ಟು ಗೊತ್ತಾ? ಹ್ಯಾಲೊಜನ್ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೆ ಬೆಳಕು ಅದಕ್ಕಿಂತ ಎಷ್ಟೋ ವೇಗವಾಗಿ ಇಳಿಯುತ್ತದೆ. ವೋಲ್ಟೇಜ್ ಕಾಲು ಭಾಗದಷ್ಟು ಕಡಿಮೆಯಾದರೆ ಬೆಳಕು ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಮಂಡಗದ್ದೆಯಲ್ಲಿ ನಾವು ಅರ್ಧ ಬೆಳಕೂ ಇಲ್ಲದೆ ಬಂದಿದ್ದೆವು.

3.1 ಹೋದದ್ದು ಹೋಗುವ ದಾರಿಯಲ್ಲೋ ಬರುವ ದಾರಿಯಲ್ಲೋ? ಕೆಂಪು ಕಡ್ಡಿಯನ್ನು ಬ್ಯಾಟರಿ ಪ್ಲಸ್ ಮೇಲೆ, ಕಪ್ಪು ಕಡ್ಡಿಯನ್ನು ಬಲ್ಬಿನ ಪ್ಲಸ್ ಪಿನ್ ಮೇಲೆ ಇಟ್ಟೆ. 0.7. ಇದು ಸ್ವಿಚ್, ಫ್ಯೂಸ್, ಕಪ್ಲರ್ ಎಲ್ಲ ಸೇರಿ ತಿಂದದ್ದು. ಹಳೆಯ ಕಾರಿಗೆ ದೊಡ್ಡ ವಿಷಯವಲ್ಲ. ಆಮೇಲೆ ಕೆಂಪು ಕಡ್ಡಿಯನ್ನು ಬಲ್ಬಿನ ಅರ್ತ್ ಪಿನ್‌ಗೆ, ಕಪ್ಪನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ. ಎರಡೂ "ಮೈನಸ್ಸೇ" ಅಲ್ವಾ, ನಡುವೆ ಏನೂ ಇರಬಾರದು. ಹೆಚ್ಚೆಂದರೆ 0.1, 0.2. ಮೀಟರ್ 2.4 ತೋರಿಸಿತು.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. ಅರ್ತಿನಲ್ಲಿ ಎರಡೂವರೆ ವೋಲ್ಟ್ ಹತ್ತಿರ ಇರುವುದನ್ನು ಅವರು ಆವರೆಗೆ ನೋಡಿರಲಿಲ್ಲ.

ಇನ್ನು ಉಳಿದದ್ದು ದಾರಿಯನ್ನು ತುಂಡು ತುಂಡು ಮಾಡಿ ನೋಡುವುದು. ಬಲ್ಬಿನ ಅರ್ತ್ ಪಿನ್‌ನಿಂದ ಪಕ್ಕದ ತಗಡಿಗೆ 0.2, ಪರವಾಗಿಲ್ಲ. ಎಂಜಿನ್ ಬ್ಲಾಕಿನಿಂದ ಬ್ಯಾಟರಿ ಮೈನಸ್‌ಗೆ 0.1, ಚೆನ್ನಾಗಿದೆ. ತಗಡಿನಿಂದ ಬ್ಯಾಟರಿ ಮೈನಸ್‌ಗೆ 2.2. ಸಿಕ್ಕಿತು. ಬಾಡಿಗೂ ಬ್ಯಾಟರಿಗೂ ನಡುವೆ ಇರುವುದು ಆ ಸಣ್ಣ ತಂತಿ, ಅದರ ಎರಡು ತುದಿ, ಅಷ್ಟೇ.

ಬಿಚ್ಚುವ ಮೊದಲು ಇನ್ನೊಂದು ಖಾತ್ರಿ ಮಾಡಿಕೊಂಡೆ. ಜಂಪರ್ ಕೇಬಲ್ಲಿನ ಒಂದು ಕ್ಲಿಪ್ ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಒಂದು ಬೋಲ್ಟಿಗೆ ಹಿಡಿದೆ. ಕೊಟ್ಟಿಗೆಯ ಗೋಡೆ ಮೇಲೆ ಹಳದಿಯಾಗಿ ಬಿದ್ದಿದ್ದ ಬೆಳಕು ಝಗ್ಗನೆ ಬೆಳ್ಳಗಾಯಿತು. ವೈಪರ್ ಟಪಟಪ ಓಡಿತು. ಪೆಟ್ರೋಲ್ ಮುಳ್ಳು ಮೇಲೆದ್ದಿತು. ಕ್ಲಿಪ್ ತೆಗೆದರೆ ಎಲ್ಲ ಮತ್ತೆ ಸಪ್ಪೆ. ದೊಡ್ಡಪ್ಪ ಮೂರು ಸಲ ತೆಗೆಸಿ ಹಾಕಿಸಿ ನೋಡಿದರು.

ಬೋಲ್ಟಿನ ಅಡಿಯಲ್ಲಿ

ಆ ಬೋಲ್ಟ್ ಮುಟ್ಟಿದರೆ ಬಿಸಿ ಇತ್ತು. ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. ಲೈಟು, ವೈಪರ್ ಎಲ್ಲ ಸೇರಿ ಸುಮಾರು 15 ಆಂಪಿಯರ್ ಆ ದಾರಿಯಲ್ಲಿ ವಾಪಸ್ ಬರುತ್ತಿದೆ. 2.2 ವೋಲ್ಟ್ ಗುಣಿಸು 15, ಎಂದರೆ 33 ವ್ಯಾಟ್. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ರಸ್ತೆ ಬೆಳಗಬೇಕಾದ ಕರೆಂಟು ಬ್ಯಾಟರಿ ಪಕ್ಕದಲ್ಲಿ ಬೋಲ್ಟ್ ಕಾಯಿಸುತ್ತಾ ಕೂತಿತ್ತು. ಅಲ್ಲಿನ ಅಡ್ಡಿ ಬರೀ 0.15 ಓಮ್ ಆಸುಪಾಸು. ಬೀಪ್ ಪರೀಕ್ಷೆಗೆ ಅದು ಕಾಣದಿದ್ದದ್ದು ಇದಕ್ಕೇ.

ಬಿಚ್ಚಿದಾಗ ಕಾರಣವೂ ಕಂಡಿತು. ಅದಕ್ಕೂ ಮುಂಚಿನ ಬೇಸಿಗೆಯಲ್ಲಿ ಕಾರಿಗೆ ಟಿಂಕರಿಂಗ್, ಪೇಂಟಿಂಗ್ ಆಗಿತ್ತು. ಬ್ಯಾಟರಿ ತಟ್ಟೆ ತುಕ್ಕು ಹಿಡಿದಿದ್ದಕ್ಕೆ ಅಲ್ಲೂ ತೇಪೆ ಹಾಕಿ, ಚೆಂದವಾಗಿ ಬಣ್ಣ ಹೊಡೆದು, ಆ ಬಣ್ಣದ ಮೇಲೆಯೇ ಅರ್ತ್ ತಂತಿಯ ಲಗ್ (ತುದಿಯ ಲೋಹದ ಉಂಗುರ) ಇಟ್ಟು ಬೋಲ್ಟ್ ಬಿಗಿದಿದ್ದರು. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ. ಬೋಲ್ಟಿನ ಮರೆಯ (ಥ್ರೆಡ್ಡಿನ) ಮೂಲಕ ಅಷ್ಟಿಷ್ಟು ಹರಿಯುತ್ತಿತ್ತು. ಬೇಸಿಗೆಯಲ್ಲಿ ಅದೇ ಸಾಕಾಯಿತು. ಮಳೆ ಬಿದ್ದು ಮರೆಗೆ ತುಕ್ಕು ಹಿಡಿದ ಮೇಲೆ ಅದೂ ಹೋಯಿತು. ಲಗ್‌ನ ಕತ್ತಿನಲ್ಲಿ ತಾಮ್ರ ಹಸಿರಾಗಿತ್ತು, ಹಿತ್ತಲಿನಲ್ಲಿ ಬಿಟ್ಟ ತಾಮ್ರದ ಚೊಂಬಿಗೆ ಕಿಲುಬು ಹಿಡಿದ ಹಾಗೆ.

ಬಾಡಿ ಕೆಲಸ ಮಾಡಿಸಿದ ಮೇಲೆ ಕರೆಂಟಿನ ತೊಂದರೆ ಶುರುವಾದರೆ ಮೊದಲು ನೋಡಬೇಕಾದದ್ದು ಈ ಅರ್ತ್ ಬೋಲ್ಟುಗಳನ್ನೇ. ಬಣ್ಣ ಹೊಡೆಯುವವರಿಗೆ ಮೊದಲೇ ಹೇಳಿ, ಆ ಜಾಗಕ್ಕೆ ಟೇಪ್ ಅಂಟಿಸಿಕೊಂಡು ಬಣ್ಣ ಹೊಡೆಯಲಿ.

ಸರಿ ಮಾಡುವುದು ಕಷ್ಟವಿಲ್ಲ, ಆದರೆ ಕ್ರಮ ತಪ್ಪಬಾರದು. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಮೈನಸ್ ಇದ್ದ ಹಾಗೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್. ಸ್ಪ್ಯಾನರ್ ಕೆಂಪಗಾಗುತ್ತದೆ, ಕೈ ಸುಡುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿದ್ದರೆ ಕಿಡಿಗೆ ಅದು ಸಿಡಿಯಲೂಬಹುದು. ವಾಪಸ್ ಹಾಕುವಾಗ ಮೈನಸ್ ಕೊನೆಗೆ. ಬಹುತೇಕ ಕಾರುಗಳಲ್ಲಿ ಬಾಡಿಗೆ ಸೇರುವುದು ಮೈನಸ್. 1960ರ ದಶಕದವರೆಗಿನ ಹಲವು ಬ್ರಿಟಿಷ್ ಕಾರುಗಳಲ್ಲಿ, ಮೋರಿಸ್ ಮೈನರ್ ಥರದವುಗಳಲ್ಲಿ, ಪ್ಲಸ್ ಬಾಡಿಗೆ ಸೇರಿರುತ್ತದೆ. ಅಂಥ ಕಾರು ಇದ್ದವರು ನೋಡಿಕೊಂಡು ಮಾಡಿ.

ಲಗ್ ಕೂರುವ ಜಾಗದ ಬಣ್ಣವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ತಗಡು ಬೆಳ್ಳಗೆ ಕಾಣುವಂತೆ ಮಾಡಿದೆ. ತಂತಿ ಹಳತಾಗಿತ್ತು, ಹೊಸದು ಹಾಕಿದೆ. ತಂತಿಯ ತುದಿಗೆ ಲಗ್ಗನ್ನು ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಬೇಕು. ಸುತ್ತಿ ಟೇಪ್ ಹಾಕಿದ ಜೋಡಣೆ ಬಾನೆಟ್ ಒಳಗಿನ ಬಿಸಿಗೆ ಬಾಳುವುದಿಲ್ಲ. ಟೇಪಿನ ಅಂಟು ಕರಗುತ್ತದೆ, ನೀರು ಒಳಗೆ ಹೋಗುತ್ತದೆ, ಆರು ತಿಂಗಳಲ್ಲಿ ಮತ್ತೆ ಅದೇ ಹಾಡು. ಕ್ರಿಂಪ್ ಮಾಡಿ ಮೇಲೆ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಬೋಲ್ಟ್ ಬಿಗಿದಾದ ಮೇಲೆ ಮೇಲಿಂದ ವ್ಯಾಸಲೀನ್ ಬಳಿದರೆ ನೀರು ತಾಗುವುದಿಲ್ಲ. ಲೋಹಕ್ಕೆ ಲೋಹ ಮುಟ್ಟಿದ ಮೇಲೆ ಬಳಿಯಬೇಕು, ಮೊದಲೇ ಅಲ್ಲ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ನೀಲಿ ಪುಡಿ ಬೆಳೆದಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಬುರುಗು ಬರುತ್ತದೆ, ಆಸಿಡ್ ಸಾಯುತ್ತದೆ. ಬ್ಯಾಟರಿಯ ಮುಚ್ಚಳದ ಒಳಗೆ ಮಾತ್ರ ಸೋಡಾ ನೀರು ಇಳಿಯಬಾರದು. ತಾಮ್ರಕ್ಕೆ ಹುಣಸೆಹಣ್ಣು ಒಳ್ಳೆಯದು ಎಂದು ತಂತಿಯ ತುದಿಗೆ ಅದನ್ನು ಹಚ್ಚಿದವರನ್ನು ನೋಡಿದ್ದೇನೆ. ಚೊಂಬಾದರೆ ತೊಳೆದು ಒರೆಸಬಹುದು. ತಂತಿಯ ಎಳೆಗಳ ನಡುವೆ ಹುಳಿ ಉಳಿದುಬಿಟ್ಟರೆ ಅದು ಒಳಗೇ ತಾಮ್ರ ತಿನ್ನುತ್ತದೆ. ದಯವಿಟ್ಟು ಬೇಡ.

ಮತ್ತೆ ಅಳೆದಾಗ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ 0.05. ಬಲ್ಬಿನಲ್ಲಿ 12.9.

ಪ್ಲಸ್ ಕಡೆಯ ಆ 0.7 ವೋಲ್ಟನ್ನೂ ದೊಡ್ಡಪ್ಪ ಬಿಡಲಿಲ್ಲ. ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟೇರಿಂಗ್ ಹತ್ತಿರದ ಸ್ವಿಚ್ಚಿನ ಮೂಲಕವೇ ಹೋಗಿ ಬರುವುದು ಜಾಸ್ತಿ. ಉದ್ದ ತಂತಿ, ಸವೆದ ಸ್ವಿಚ್. ಇದಕ್ಕೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಕಿ ಆರಿಸುವ ಸ್ವಿಚ್, ಒಳ್ಳೆಯ ಮದ್ದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ತಂತಿ ರಿಲೇಯ 30ನೇ ಪಿನ್‌ಗೆ, 87ರಿಂದ ಬಲ್ಬಿಗೆ. ಹಳೆಯ ಹೆಡ್‌ಲೈಟ್ ತಂತಿ 86ಕ್ಕೆ, 85 ಅರ್ತಿಗೆ. ಆಮೇಲೆ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಕಾಯಿಲಿಗೆ ಬೇಕಾದ ಅರ್ಧ ಆಂಪಿಯರಿಗೂ ಕಡಿಮೆ ಕರೆಂಟು. ಕೆಲವು ಜಪಾನಿ ವಿನ್ಯಾಸದ ಕಾರುಗಳಲ್ಲಿ ಸ್ವಿಚ್ ಇರುವುದು ಅರ್ತ್ ಕಡೆಗೆ. ಅಲ್ಲಿ ಈ ಜೋಡಣೆ ನಡೆಯುವುದಿಲ್ಲ, ವೈರಿಂಗ್ ನಕ್ಷೆ ನೋಡಿಯೇ ಮಾಡಬೇಕು. ಬೆಳಕು ಸಾಲದು ಎಂದು ದೊಡ್ಡ ವ್ಯಾಟಿನ ಬಲ್ಬು ಹಾಕುವವರಿದ್ದಾರೆ. 100 ವ್ಯಾಟಿನವು ಎರಡು ಹಾಕಿದರೆ 17 ಆಂಪಿಯರ್ ಹತ್ತಿರ. 9 ಆಂಪಿಯರಿಗೆ ಮಾಡಿದ ಹಳೆಯ ಸ್ವಿಚ್ಚು, ಹೋಲ್ಡರು ಅದಕ್ಕೆ ಕರಗುತ್ತವೆ.

ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿ

ಹಳೆಯ ಕಾರಿನ ಇನ್ನೊಂದು ದೊಡ್ಡ ದೂರು ಇದು. ಎರಡು ದಿನ ನಿಲ್ಲಿಸಿದರೆ ಸೆಲ್ಫ್ ಹೊಡೆಯುವುದಿಲ್ಲ. ಎಲ್ಲ ಆರಿಸಿದ ಮೇಲೂ ಯಾವುದೋ ಒಂದು ಕರೆಂಟು ಕುಡಿಯುತ್ತಿದೆ ಎಂದರ್ಥ. ಡಿಕ್ಕಿಯ ಒಳಗಿನ 5 ವ್ಯಾಟಿನ ಬಲ್ಬು ಆರದೇ ಉಳಿದರೆ 0.4 ಆಂಪಿಯರ್. 35 ಆಂಪಿಯರ್-ಅವರ್ ಬ್ಯಾಟರಿಯನ್ನು ಅದು ಮೂರೂವರೆ ದಿನದಲ್ಲಿ ಒಣಗಿಸುತ್ತದೆ. ಸೆಲ್ಫ್ ಹೊಡೆಯದ ಸ್ಥಿತಿ ಅದಕ್ಕೂ ಮುಂಚೆಯೇ ಬರುತ್ತದೆ.

ಹುಡುಕುವುದು ಹೀಗೆ. ಎಲ್ಲ ಆರಿಸಿ, ಬಾಗಿಲು ಮುಚ್ಚಿ, ಕೀ ತೆಗೆದಿಡಿ. ಬ್ಯಾಟರಿ ಮೈನಸ್ ಕ್ಲಾಂಪ್ ಬಿಚ್ಚಿ, ಕಂಬಕ್ಕೂ ಕ್ಲಾಂಪಿಗೂ ನಡುವೆ 12 ವೋಲ್ಟಿನ ಒಂದು ಬಲ್ಬು ಹಿಡಿಯಿರಿ. ಬಲ್ಬು ಹೊತ್ತಿದರೆ ದೊಡ್ಡ ಸೋರಿಕೆ. ಹೊತ್ತದಿದ್ದರೆ ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ ಅದೇ ಜಾಗದಲ್ಲಿ ಅಳೆಯಿರಿ. ಮೀಟರ್ ಹಾಗಿದ್ದಾಗ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಕಡ್ಡಿ ಆಂಪಿಯರ್ ತೂತಿನಲ್ಲೇ ಇರುವಾಗ ಬ್ಯಾಟರಿಯ ಪ್ಲಸ್ ಮೈನಸ್‌ಗೆ ಮುಟ್ಟಿಸಲೂಬೇಡಿ, ಅದು ಶಾರ್ಟ್ ಮಾಡಿದ ಹಾಗೆ.

ಗಡಿಯಾರ, ಸ್ಟೀರಿಯೋ ಇರುವ ಹಳೆಯ ಕಾರಿನಲ್ಲಿ 0.05 ಆಂಪಿಯರಿನವರೆಗೆ ಸಹಜ. ಅದಕ್ಕಿಂತ ಜಾಸ್ತಿ ಇದ್ದರೆ ಫ್ಯೂಸ್ ಒಂದೊಂದೇ ಕಿತ್ತು ನೋಡಿ. ಯಾವ ಫ್ಯೂಸ್ ಕಿತ್ತಾಗ ಮೀಟರ್ ಇಳಿಯಿತೋ ಆ ಸಾಲಿನಲ್ಲಿ ಕಳ್ಳ ಇದ್ದಾನೆ. ಆಮೇಲೆ ಹಾಕಿಸಿದ ಸ್ಟೀರಿಯೋ, ಸೆಂಟ್ರಲ್ ಲಾಕ್, ರಿವರ್ಸ್ ಹಾರ್ನ್, ಇವುಗಳ ಮೇಲೆ ಮೊದಲು ಕಣ್ಣಿಡಿ. ಎಲ್ಲ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ತಂತಿ ಬಿಚ್ಚಿ ನೋಡಿ. ಅದರೊಳಗಿನ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಸುಟ್ಟರೆ ಬ್ಯಾಟರಿಯ ಕರೆಂಟು ಅಲ್ಲಿಂದಲೇ ಸೋರುತ್ತದೆ. ಬಿಚ್ಚುವಾಗ ಬ್ಯಾಟರಿ ಮೈನಸ್ ತೆಗೆದಿರಲಿ, ಆ ತಂತಿ ಯಾವಾಗಲೂ ಜೀವಂತ.

ಫ್ಯೂಸ್ ಪದೇ ಪದೇ ಹೋಗುವ ಕಥೆ ಬೇರೆ. ಅದು ಶಾರ್ಟ್. ತಂತಿಯ ಪ್ಲಾಸ್ಟಿಕ್ ಸವೆದು ತಾಮ್ರ ಬಾಡಿಗೆ ತಾಗುತ್ತಿರುತ್ತದೆ. ಬಾಗಿಲಿನ ಕೀಲು, ಡಿಕ್ಕಿಯ ಕೀಲು, ತಗಡಿನ ತೂತಿನಲ್ಲಿ ರಬ್ಬರ್ ಉದುರಿಹೋದ ಜಾಗ, ಅಲ್ಲೆಲ್ಲ ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಹತ್ತಿರ ಇಲಿ ಗೂಡು ಕಟ್ಟಿ ತಂತಿ ಕಡಿದುಹಾಕುವುದೂ ಇದೆ. ಹೋದ ಫ್ಯೂಸ್ ಕಿತ್ತು, ಆ ಜಾಗದ ಎರಡು ಪಿನ್‌ಗಳ ನಡುವೆ 12 ವೋಲ್ಟಿನ ಹೆಡ್‌ಲೈಟ್ ಬಲ್ಬು ಸಿಕ್ಕಿಸಿ. ಶಾರ್ಟ್ ಇರುವಷ್ಟು ಹೊತ್ತು ಬಲ್ಬು ಪೂರ್ತಿ ಉರಿಯುತ್ತದೆ. ತಂತಿಯ ಗುಚ್ಛವನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋಗಿ. ಎಲ್ಲಿ ಅಲುಗಿಸಿದಾಗ ಬೆಳಕು ಮಿನುಗಿತೋ ಅಲ್ಲೇ ಟೇಪ್ ಬಿಚ್ಚಿ.

ಒಂದು ವಿಷಯದಲ್ಲಿ ನಾನು ತುಂಬ ಗಟ್ಟಿ. 10 ಆಂಪಿಯರಿನ ಕೆಂಪು ಫ್ಯೂಸ್ ಹೋಯಿತು ಎಂದು 30ರ ಹಸಿರು ಫ್ಯೂಸ್ ಹಾಕಬೇಡಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದಂತೂ ಕೊಲೆಗಡುಕ ಕೆಲಸ. ಫ್ಯೂಸ್ ಸುಡದಿದ್ದರೆ ತಂತಿ ಸುಡುತ್ತದೆ. ತಂತಿ ಸುಡುವುದು ಸೀಟಿನ ಅಡಿಯಲ್ಲಿ, ಪೆಟ್ರೋಲ್ ಪೈಪಿನ ಪಕ್ಕದಲ್ಲಿ.

ತಂತಿಯ ಬಣ್ಣ ನೋಡಿ ಊಹೆ ಮಾಡುವಾಗಲೂ ಹುಷಾರು. ಬ್ರಿಟಿಷ್ ಕಾರುಗಳ ಲೂಕಾಸ್ ಕಂಪನಿಯ ಪದ್ಧತಿಯಲ್ಲಿ ಕಂದು ತಂತಿ ಎಂದರೆ ಬ್ಯಾಟರಿಯಿಂದ ನೇರ ಬರುವ, ಸದಾ ಕರೆಂಟಿರುವ ತಂತಿ, ಕಪ್ಪು ಅರ್ತ್. ಜರ್ಮನ್ ಕಾರುಗಳಲ್ಲಿ ಅದೇ ಕಂದು ಬಣ್ಣ ಅರ್ತಿನದು. ಏರ್‌ಬ್ಯಾಗ್ ಇರುವ ಕಾರಾದರೆ ಸ್ಟೇರಿಂಗ್ ಸುತ್ತಲಿನ ಹಳದಿ ಕಪ್ಲರುಗಳ ಗೋಜಿಗೆ ಹೋಗಬೇಡಿ. ಎಂಜಿನ್ ಕಂಪ್ಯೂಟರಿನ ತಂತಿಗಳಿಗೆ ಟೆಸ್ಟ್ ಬಲ್ಬು ಹಿಡಿಯುವುದೂ ಬೇಡ, ಅಲ್ಲಿಗೆ ಮೀಟರ್ ಮಾತ್ರ.

ನೀವೇ ಮಾಡಲು ಧೈರ್ಯ ಬಾರದಿದ್ದರೂ ಅಳತೆ ಮಾತ್ರ ನೀವೇ ಮಾಡಿಕೊಂಡು ಹೋಗಿ. "ಲೈಟ್ ಡಿಮ್ ಇದೆ" ಎಂದು ಕಾರು ಬಿಟ್ಟು ಬರುವುದಕ್ಕೂ, "ಲೈಟ್ ಹಾಕಿದಾಗ ಬಾಡಿಗೂ ಬ್ಯಾಟರಿ ಮೈನಸ್‌ಗೂ ನಡುವೆ 2.2 ವೋಲ್ಟ್ ಬರುತ್ತಿದೆ" ಎಂದು ಹೇಳುವುದಕ್ಕೂ ತುಂಬ ವ್ಯತ್ಯಾಸ ಇದೆ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಆ ಮಾತು ಕೇಳಿದ ಕೂಡಲೇ ಸ್ಪ್ಯಾನರ್ ಹಿಡಿದು ನೇರ ಆ ಬೋಲ್ಟಿಗೇ ಹೋಗುತ್ತಾರೆ.

ದೊಡ್ಡಪ್ಪ ಕಾರಿನ ಹಳೆಯ ಸರ್ವಿಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ತಾರೀಖು ಹಾಕಿ ಆ ದಿನದ ಅಳತೆಗಳನ್ನೆಲ್ಲ ಬರೆದಿಟ್ಟಿದ್ದಾರೆ. ರಿಲೇ ಹಾಕಿದ ಮೇಲೆ ಬಲ್ಬಿನಲ್ಲಿ 13.4. ಈ ಸಲ ಮೊದಲ ಮಳೆ ಬಿದ್ದ ವಾರ ಅವರೇ ಮೀಟರ್ ಹಿಡಿದು ನೋಡಿದರಂತೆ, ರಾತ್ರಿ ಫೋನ್ ಮಾಡಿದ್ದರು. "0.05 ಇದ್ದದ್ದು 0.06 ಆಗಿದೆಯಲ್ಲೋ, ಬಿಚ್ಚಿ ಉಜ್ಜಬೇಕಾ?" ಬೇಡ ದೊಡ್ಡಪ್ಪ, ಮುಂದಿನ ಮಳೆಗಾಲದವರೆಗೆ ನಡೆಯುತ್ತದೆ ಎಂದೆ.